ಇಸ್ತ್ರಿಯವಳ ಎಡಗೈ

"ಬಲ್ಬು ಸುಟ್ಟುಹೋಗಿದೆಯೇನ್ರೀ? ಒಂದು ಗೀಟೂ ಕಾಣ್ತಿಲ್ಲ!"

ದಿನಕ್ಕೆ ಹತ್ತು ಸಲವಾದರೂ ಈ ಮಾತು ಸಿಲ್ವೆನ್‌ಳ ಕಿವಿಗೆ ಬೀಳುತ್ತಿತ್ತು. ವಾರ್ಮೆನಿಲ್ ಊರಿನ ಮ್ಯೂಸಿಯಂನಲ್ಲಿ ಕೋಣೆ ಕಾಯುವ ಕೆಲಸಕ್ಕೆ ಸೇರಿ ಅವಳಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಬಣ್ಣದ ಚಿತ್ರಗಳ ಕೋಣೆ ಕಾದಿದ್ದಳು, ಹಡಗಿನ ಮಾದರಿಗಳ ಕೋಣೆ ಕಾದಿದ್ದಳು, ಒಂದು ವರ್ಷವಿಡೀ ಸತ್ತ ಹಕ್ಕಿಗಳಿಗೆ ಹುಲ್ಲು ತುಂಬಿಟ್ಟ ಕೋಣೆಯನ್ನೂ ಕಾದಿದ್ದಳು. ಆದರೆ ಇಂಪ್ರೆಷನಿಸ್ಟರ ಕಾಲದ ರೇಖಾಚಿತ್ರ ಮತ್ತು ಅಚ್ಚುಗಳ ಈ ಪ್ರದರ್ಶನದಷ್ಟು ಬೈಗುಳ ಯಾವುದೂ ತಂದಿರಲಿಲ್ಲ.

"ಬಲ್ಬು ಸರಿಯಾಗೇ ಇದೆ ಮದಾಂ. ಕಾಗದಕ್ಕೆ ಬೆಳಕು ಆಗಿಬರಲ್ಲ. ಮೂರು ತಿಂಗಳು ಗೋಡೆ ಮೇಲಿದ್ರೆ ಮೂರು ವರ್ಷ ಕತ್ತಲೆ ಪೆಟ್ಟಿಗೇಲಿ ಮಲಗಬೇಕು," ಎಂದು ಅವಳು ಬೇಸರವಿಲ್ಲದೆ ಹೇಳುತ್ತಿದ್ದಳು.

"ನಮ್ಮ ಯಜಮಾನರು ಪೆಟ್ಟಿಗೆ ಇಲ್ದೇನೇ ಮೂವತ್ತು ವರ್ಷದಿಂದ ಮಲಗಿದಾರೆ ಬಿಡಿ," ಎಂದಿದ್ದಳು ಒಬ್ಬ ಹೆಂಗಸು, ಪಕ್ಕದಲ್ಲೇ ನಿಂತ ಯಜಮಾನರು ಕೇಳಲಿ ಎಂದೇ.

ಸಿಲ್ವೆನ್‌ಗೆ ಆ ಮಬ್ಬು ಕೋಣೆ ಹಿಡಿಸಿತ್ತು. ದೊಡ್ಡ ದೊಡ್ಡ ಬಣ್ಣದ ಚಿತ್ರಗಳು ಮದುವೆಗೆ ಹೊರಟವರ ಹಾಗೆ. ಈ ಕಾಗದದ ಚಿತ್ರಗಳು ಅದೇ ಜನ ಮನೆಬಟ್ಟೆಯಲ್ಲಿ ಕೂತ ಹಾಗೆ ಎಂದು ಅವಳ ಅಭಿಪ್ರಾಯ. ಪ್ಯಾರಿಸ್ಸಿನಿಂದ ಎರವಲು ಬಂದ ದೆಗಾನ ನರ್ತಕಿಯರು ಕಾಲು ನೀವಿಕೊಳ್ಳುತ್ತಿದ್ದರು, ಪಿಸಾರೊನ ರೈತ ಹೆಂಗಸರು ಎಲೆಕೋಸಿನ ಮುಂದೆ ಬಗ್ಗಿದ್ದರು. ಯಾರಿಗೂ ಯಾರನ್ನೂ ಮೆಚ್ಚಿಸುವ ಅವಸರವಿರಲಿಲ್ಲ. ಬಾಗಿಲ ಪಕ್ಕದ ಪುಟ್ಟ ಮೇಜಿನ ಮೇಲೆ ನೋಡಿದವರು ಅಭಿಪ್ರಾಯ ಬರೆಯುವ ಪುಸ್ತಕವಿತ್ತು. ಈ ಕೋಣೆಯೊಳಗೆ ಮಸಿಯ ಪೆನ್ನು ತರುವ ಹಾಗಿರಲಿಲ್ಲ, ಆದ್ದರಿಂದ ಪೆನ್ಸಿಲ್. ಜನ ಅದನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆಂದು ಮೇಜಿನ ಬಲಗಾಲಿಗೆ ದಾರ ಕಟ್ಟಿ ಬಿಗಿದಿದ್ದವಳು ಸಿಲ್ವೆನ್‌ಳೇ.

ಅವಳ ಕುರ್ಚಿಯ ಎದುರಿಗೇ ಮೂವತ್ತೊಂದನೇ ಚಿತ್ರವಿತ್ತು. ಅದು ವಾರ್ಮೆನಿಲ್ ಮ್ಯೂಸಿಯಂನ ಸ್ವಂತ ಆಸ್ತಿ. ಇಪೊಲಿತ್ ಕಾರೂಜ್ ಎಂಬ ಕಲಾವಿದ, ದೊಡ್ಡವರ ಸಾಲಿನಲ್ಲಿ ಹಿಂದಿನ ಬೆಂಚಿನವನು, ೧೮೮೩ರಲ್ಲಿ ತಾಮ್ರದ ತಗಡಿನ ಮೇಲೆ ಗೀರಿ ತೆಗೆದ ಅಚ್ಚು. ಹತ್ತೊಂಬತ್ತು ಇಪ್ಪತ್ತರ ಹುಡುಗಿಯೊಬ್ಬಳು ಮೇಜಿಗೆ ಬಾಗಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ಇಸ್ತ್ರಿಪೆಟ್ಟಿಗೆ ಎಡಗೈಯಲ್ಲಿ. ಬೆನ್ನ ಹಿಂದಿನ ಕಿಟಕಿಯಲ್ಲಿ ಎಡಕ್ಕೆ ಚರ್ಚಿನ ಗೋಪುರ, ಬಲಕ್ಕೆ ಸಮುದ್ರದಂಚಿನ ಬಿಳಿ ಬಂಡೆ. ಹುಡುಗಿಯ ತುಟಿಯ ಮೇಲೆ ಇನ್ನೇನು ಬೈಗುಳ ಬರುವುದರಲ್ಲಿದೆ, ಯಾರಿಗೆಂದು ಗೊತ್ತಿಲ್ಲ.

ಸಿಲ್ವೆನ್‌ಳ ಮನೆಯವರಿಗೆ ಅವಳು ಯಾರೆಂದು ಗೊತ್ತಿತ್ತು. ಅವಳು ಝೇಲಿ, ಸಿಲ್ವೆನ್‌ಳ ಮುತ್ತಜ್ಜಿ. ಊರಿಗೆಲ್ಲ ಅವಳು 'ಎಡಚಿ ಝೇಲಿ' ಎಂದೇ ಪರಿಚಿತಳು. ಅಗಸರ ಬೀದಿಯ ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಚಿತ್ರದ ಕೆಳಗೆ ಎಪ್ಪತ್ತು ವರ್ಷದಿಂದ 'ವಾರ್ಮೆನಿಲ್‌ನ ಇಸ್ತ್ರಿಯವಳು' ಎಂಬ ಚೀಟಿಯಿತ್ತು. ಹೆಸರು ಬರೆದಿರದಿದ್ದರೂ ಊರು ಬರೆದಿತ್ತು. ಮನೆಯವರಿಗೆ ಅಷ್ಟು ಸಾಕಾಗಿತ್ತು.

ಈ ಪ್ರದರ್ಶನ ಬಂದು ಆ ಚೀಟಿಗೂ ಕುತ್ತು ಬಂತು. ಹೊಸ ಕ್ಯುರೇಟರ್ ಲೊರ್ಮಿಯೆ ಮೂವತ್ತಾರರ ಹುಡುಗ. ಮೈಗೆ ಒಪ್ಪುವ ಕೋಟು, ಕುತ್ತಿಗೆಗೆ ಬೇಸಗೆಯಲ್ಲೂ ಶಾಲು, ತಲೆಯ ತುಂಬ ಓದು. ಕೆಟ್ಟವನಲ್ಲ. ಬೆಳಿಗ್ಗೆ ಕಸ ಗುಡಿಸುವವಳಿಗೂ ಕೈ ಕುಲುಕಿ ನಮಸ್ಕಾರ ಹೇಳುವವನು. ಪ್ರದರ್ಶನ ಶುರುವಾಗುವ ಹಿಂದಿನ ದಿನ ಅವನೇ ಹೊಸ ಚೀಟಿ ಅಂಟಿಸಿದ: 'ಬ್ರೆಕೂರ್‌ನ ಇಸ್ತ್ರಿಯವಳು'. ಬ್ರೆಕೂರ್ ಮೂವತ್ತು ಕಿಲೋಮೀಟರ್ ಆಚೆಯ ಊರು. ವಾರ್ಮೆನಿಲ್‌ನವರು ಅಲ್ಲಿಂದ ಹೆಣ್ಣನ್ನೂ ತರುವುದಿಲ್ಲ, ಬೆಣ್ಣೆಯನ್ನೂ ತರುವುದಿಲ್ಲ.

ಸಿಲ್ವೆನ್ ಅಂದೇ ಕೇಳಿದ್ದಳು. "ಮೊಸ್ಯೂ, ಎಡಕ್ಕೆ ಗೋಪುರ, ಬಲಕ್ಕೆ ಬಂಡೆ. ಅಗಸರ ಬೀದೀಲಿ ಯಾವ ಕಿಟಕಿ ತೆಗೆದ್ರೂ ಹೀಗೇ ಕಾಣುತ್ತೆ. ಇದು ನಮ್ಮೂರಿನ ಥರಾನೇ ಇದೆಯಲ್ಲ?"

"ಅದೇ ನೋಡಿ ಸಾಕ್ಷಿ!" ಎಂದಿದ್ದ ಲೊರ್ಮಿಯೆ ಖುಷಿಯಿಂದ. "ನಮ್ಮೂರಿನ ಥರ ಇದೆ ಅಂದ್ರೇನೇ ಇದು ನಮ್ಮೂರಲ್ಲ!"

ಅವನು ಮಕ್ಕಳಿಗೆ ಲೆಕ್ಕ ಬಿಡಿಸುವವನ ತಾಳ್ಮೆಯಿಂದ ವಿವರಿಸಿದ. ತಗಡಿನ ಮೇಲೆ ಗೀರಿದ್ದು ಕಾಗದಕ್ಕೆ ಇಳಿಯುವಾಗ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗುತ್ತದೆ. ಕಾರೂಜ್ ಕಂಡದ್ದನ್ನು ಕಂಡ ಹಾಗೆ ನೇರವಾಗಿ ತಗಡಿಗೆ ಗೀರುತ್ತಿದ್ದ, ಅವನ ಪತ್ರಗಳಲ್ಲೇ ಅದು ಇದೆ. ಹಾಗಾದರೆ ಅಚ್ಚಿನಲ್ಲಿ ಎಡಕ್ಕಿರುವ ಗೋಪುರ ನಿಜದಲ್ಲಿ ಬಲಕ್ಕಿರಬೇಕು. ಬ್ರೆಕೂರ್‌ನಲ್ಲಿ ಹಾಗೆಯೇ ಇದೆ, ಅವನು ಮೂರು ಭಾನುವಾರ ಸೈಕಲ್ ತುಳಿದು ಕರಾವಳಿಯ ಗೋಪುರಗಳನ್ನೆಲ್ಲ ನೋಡಿ ಬಂದಿದ್ದಾನೆ.

"ಹಾಗಾದ್ರೆ ಕೈ?"

"ಕೈಯೂ ಅಷ್ಟೇ. ಚಿತ್ರದಲ್ಲಿ ಎಡಗೈ, ನಿಜದಲ್ಲಿ ಬಲಗೈ. ಈ ಹುಡುಗಿ ಎಡಚಿ ಅಲ್ವೇ ಅಲ್ಲ."

ಸಿಲ್ವೆನ್ ಗೋಡೆಯುದ್ದ ಕಣ್ಣು ಹಾಯಿಸಿದಳು. ಅಕ್ಕಪಕ್ಕದ ಅಚ್ಚುಗಳನ್ನು ನೋಡಿದರೆ ಅವನ ಮಾತು ಸರಿಯೇ ಇತ್ತು. ಒಂದರಲ್ಲಂತೂ ಪ್ಯಾರಿಸ್ಸಿನ ಅಂಗಡಿಯ ಹೆಸರೇ ಹಿಂದುಮುಂದಾಗಿ ಬಿದ್ದಿತ್ತು. ಓದಿದವನ ಎದುರು ಗೋಪುರ ತೋರಿಸಿ ಎಷ್ಟು ಹೊತ್ತು ವಾದ ಮಾಡುವುದು ಎಂದು ತನ್ನ ಕುರ್ಚಿಗೆ ಹಿಂದಿರುಗಿದಳು. ಆದರೆ ಮನಸ್ಸಿಗೆ ಬಹಳ ಬೇಜಾರಾಗಿತ್ತು.

ಅವಳಿಗಿಂತ ಹೆಚ್ಚು ಬೇಜಾರಾದದ್ದು ಫೆರ್ನಾಂದ್ ಅತ್ತೆಗೆ. ಅಪ್ಪನ ಅಕ್ಕ, ತೊಂಬತ್ತಮೂರು ವರ್ಷ, ಬಂದರಿನ ಹಿಂದಿನ ವೃದ್ಧಾಶ್ರಮದಲ್ಲಿ ವಾಸ. ಅಲ್ಲಿ ಆಕೆಗೆ ದಿನವೂ ಇಸ್ಪೀಟಿನಾಟ, ಊಟದ ಜೊತೆ ಅರ್ಧ ಲೋಟ ಸೇಬಿನ ಮದ್ಯ, ಜಗಳವಾಡಲು ಮೂವರು ಗೆಳತಿಯರು. ಮನೆಯಲ್ಲಿದ್ದಾಗ ಇಷ್ಟು ಸುಖವಿರಲಿಲ್ಲ ಎನ್ನುತ್ತಿದ್ದಳು. ಸುದ್ದಿ ಕೇಳಿದ ದಿನ ಕೈಯಲ್ಲಿದ್ದ ಇಸ್ಪೀಟಿನ ಎಲೆ ಕೆಳಗಿಟ್ಟಳು.

"ಅಂದ್ರೆ ನಮ್ಮಜ್ಜಿ ಸುಳ್ಳು ಹೇಳಿದ್ಲು ಅಂತಾನಾ ಅವನು?"

"ಹಾಗಲ್ಲ ಅತ್ತೆ..."

"ಹಾಗೇ ಕಣೇ."

ಅತ್ತೆಯ ಕಥೆ ಸಿಲ್ವೆನ್‌ಗೆ ಬಾಯಿಪಾಠವಿತ್ತು. ಫೆರ್ನಾಂದ್ ಹುಟ್ಟಾ ಎಡಚಿ, ಝೇಲಿಯ ಹಾಗೆಯೇ. ಆರನೇ ವಯಸ್ಸಿಗೆ ಕ್ರೈಸ್ತ ಸನ್ಯಾಸಿನಿಯರ ಶಾಲೆಗೆ ಹಾಕಿದಾಗ ಅಲ್ಲಿನ ಹಿರಿಯ ಸನ್ಯಾಸಿನಿ ಮಗುವಿನ ಎಡಗೈಯನ್ನು ನೀಲಿ ಪಟ್ಟಿಯಿಂದ ಬೆಂಚಿಗೆ ಕಟ್ಟಿದರು. ಎಡಗೈ ಸೈತಾನನದು, ಬರೆಯುವುದು ಬಲಗೈಯಲ್ಲಿ. ಸಂಜೆ ಮಣಿಕಟ್ಟಿನ ಮೇಲಿನ ಕೆಂಪು ಗೆರೆ ನೋಡಿದ ಝೇಲಿ ಮೊಮ್ಮಗಳನ್ನು ಎಳೆದುಕೊಂಡು ನಗರಸಭೆಗೆ ಹೋದಳು. ಆಗ ಆ ಚಿತ್ರ ಅಲ್ಲಿ ಮೇಯರರ ಕೋಣೆಯಲ್ಲಿ ತೂಗುತ್ತಿತ್ತು. ಮುದುಕಿ ಮಗುವನ್ನು ಎತ್ತಿ ಹಿಡಿದು, "ನೋಡು, ಇದು ನಾನು. ಇದು ನನ್ನ ಎಡಗೈ. ಮೇಯರ್ ದಿನಾ ನೋಡ್ತಾನೆ, ಯಾರೂ ಕಟ್ಟಿಲ್ಲ. ನಿಂದೂ ಒಂದು ದಿನ ಬಿಚ್ಚುತ್ತೆ," ಎಂದಳು.

ಬಿಚ್ಚಲಿಲ್ಲ. ಮೂರು ವರ್ಷ ಕಟ್ಟಿದ ಕೈ ಆಮೇಲೆ ತಾನೇ ಮಡಿಲಲ್ಲಿ ಕೂರುವುದನ್ನು ಕಲಿಯಿತು. ಫೆರ್ನಾಂದ್ ಬಲಗೈಯಲ್ಲಿ ಬರೆದಳು, ಬಲಗೈಯಲ್ಲಿ ಹೊಲಿದಳು, ಬಲಗೈಯಲ್ಲಿ ಇಬ್ಬರು ಗಂಡಂದಿರ ಮಣ್ಣಿಗೆ ಹೂವು ಹಾಕಿದಳು. ಆದರೆ ಒಂದು ಎಡಗೈ ಗೋಡೆಯ ಮೇಲೆ ಸ್ವತಂತ್ರವಾಗಿ ಇಸ್ತ್ರಿ ಹಾಕುತ್ತಿದೆ ಎಂಬ ಸಮಾಧಾನ ಅವಳಿಗಿತ್ತು. ಈಗ ಶಾಲು ಸುತ್ತಿಕೊಂಡವನೊಬ್ಬ ಬಂದು ಅದೂ ಬಲಗೈಯೇ ಅನ್ನುತ್ತಿದ್ದ.

"ಸರಿ ಮಾಡ್ಸು, ಬರ್ತೀನಿ. ಇಲ್ದಿದ್ರೆ ಆ ಬ್ರೆಕೂರ್‌ನವಳ ಮುಖ ನಾನ್ಯಾಕೆ ನೋಡಲಿ?" ಎಂದು ಅತ್ತೆ ಖಂಡಿತವಾಗಿ ಹೇಳಿದಳು. "ಇದಾದ ಮೇಲೆ ಮೂರು ವರ್ಷ ಪೆಟ್ಟಿಗೇಲಿ ಇಡ್ತಾರೆ ಅಂದ್ಯಲ್ಲ. ಅಷ್ಟರಲ್ಲಿ ನನ್ನನ್ನೂ ಇಟ್ಟಿರ್ತಾರೆ."

ಮೂರು ತಿಂಗಳು ಹೀಗೇ ಕಳೆಯಿತು. ಸಿಲ್ವೆನ್ ದಿನವೂ ಎಂಟು ಗಂಟೆ ಮುತ್ತಜ್ಜಿಯ ಎದುರು ಕೂರುತ್ತಿದ್ದಳು. ಕೂತು ಕೂತು ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಸಂಜೆ ಓಣಿಯ ಬಾಗಿಲು ತೆರೆದಾಗ ಪಕ್ಕದಿಂದ ಒಂದಿಷ್ಟು ಬೆಳಕು ಗೋಡೆಯುದ್ದ ಹರಿಯುತ್ತಿತ್ತು. ಆಗ ಬೇರೆ ಅಚ್ಚುಗಳ ಕಪ್ಪು ಗೆರೆಗಳು ಕಸೂತಿ ದಾರದ ಹಾಗೆ ಕಾಗದದಿಂದ ಚೂರು ಎದ್ದು ಕಾಣುತ್ತಿದ್ದವು. ಝೇಲಿಯ ಗೆರೆಗಳು ಮಾತ್ರ ಮಲಗಿಯೇ ಇರುತ್ತಿದ್ದವು, ಬಣ್ಣವೂ ಬೂದಿ. ಒಮ್ಮೆ ಕೇಳಿದ್ದಕ್ಕೆ ಲೊರ್ಮಿಯೆ, "ಮೇಯರ್ ಕೋಣೇಲಿ ಬಿಸಿಲಿಗೆ ಮಾಸಿದೆ, ಪಾಪ," ಎಂದಿದ್ದ. ಇರಬಹುದು ಎಂದುಕೊಂಡಳು.

ಕೊನೆಯ ಶನಿವಾರ ಬಂತು. ಭಾನುವಾರ ಸಂಜೆ ಆರಕ್ಕೆ ಪ್ರದರ್ಶನ ಮುಗಿಯುತ್ತಿತ್ತು. ಮುಕ್ತಾಯಕ್ಕೆಂದು ಲೊರ್ಮಿಯೆ ರುವಾಂ ಪಟ್ಟಣದಿಂದ ಒನೊರಿನ್ ಎಂಬ ಅಚ್ಚುಗಾರ್ತಿಯನ್ನು ಕರೆಸಿದ್ದ. ನಲವತ್ತೈದು ವರ್ಷ ತಾಮ್ರದ ತಗಡುಗಳಿಗೆ ಮಸಿ ಬಳಿದು ಬಳಿದು ಅವಳ ಉಗುರಿನ ಸಂದು ಯಾವ ಸೋಪಿಗೂ ಬೆಳ್ಳಗಾಗುತ್ತಿರಲಿಲ್ಲ. ಗಟ್ಟಿಮುಟ್ಟಾದ ಹೆಂಗಸು, ಗಂಟಲು ಮೀನುಪೇಟೆಯದು. ಮ್ಯೂಸಿಯಂ ಅಂಗಳದಲ್ಲಿ ತನ್ನ ಕೈಯಂತ್ರ ಇಳಿಸಿಕೊಂಡಳು: ಎರಡು ಉಕ್ಕಿನ ಉರುಳೆ, ನಡುವೆ ಹಲಗೆ, ಪಕ್ಕಕ್ಕೆ ಹಡಗಿನ ಚುಕ್ಕಾಣಿಯಂಥ ದೊಡ್ಡ ಚಕ್ರ.

ಸಿಲ್ವೆನ್ ಮಧ್ಯಾಹ್ನದ ಬಿಡುವಿನಲ್ಲಿ ಬ್ರೆಡ್ಡು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಬಂದಳು. ಐವತ್ತು ಜನ ಸೇರಿದ್ದರು. ಒನೊರಿನ್ ಬೆಳಿಗ್ಗೆ ಅಲ್ಲಿಯೇ ಕೂತು ಎದುರಿಗೆ ಕಂಡ ಊರನ್ನು ಪುಟ್ಟ ತಗಡಿನ ಮೇಲೆ ಗೀರಿದ್ದಳು. ಮಸಿ ಬಳಿದಳು, ಬಟ್ಟೆಯಲ್ಲಿ ಒರೆಸಿದಳು, ಆಮೇಲೆ ಅಂಗೈಯಲ್ಲಿ ಒರೆಸಿದಳು, ಒದ್ದೆ ಕಾಗದ ಹೊದಿಸಿ ಚಕ್ರ ತಿರುಗಿಸಿದಳು. ಕಾಗದ ಎತ್ತಿ ಹಿಡಿದಾಗ ಜನ ಗೊಳ್ಳೆಂದು ನಕ್ಕರು. ಗೋಪುರ ಬಲಕ್ಕೆ ಹೋಗಿತ್ತು, ಬಂಡೆ ಎಡಕ್ಕೆ ಬಂದಿತ್ತು.

"ಚರ್ಚು ಓಡಿಹೋಗಿದೆ!" ಎಂದು ಮೀನು ಮಾರುವವನೊಬ್ಬ ಕೂಗಿದ. "ಬ್ರೆಕೂರ್‌ಗೆ ಹೋಗಿರ್ಬೇಕು, ಅಲ್ಲಿ ಕಾಣಿಕೆ ಜಾಸ್ತಿ!"

"ಓಡಿಹೋದದ್ದನ್ನ ಕರ್ಕೊಂಡು ಬರೋದೂ ಗೊತ್ತು ಕಣಯ್ಯ ನಂಗೆ," ಎಂದಳು ಒನೊರಿನ್. ಮಸಿ ಇನ್ನೂ ಹಸಿಯಿದ್ದ ಆ ಅಚ್ಚನ್ನು ಮುಖ ಮೇಲೆ ಮಾಡಿ ಹಲಗೆಯ ಮೇಲಿಟ್ಟು, ತಗಡನ್ನು ಪಕ್ಕಕ್ಕೆ ಸರಿಸಿ, ಅಚ್ಚಿನ ಮೇಲೆ ಇನ್ನೊಂದು ಒದ್ದೆ ಕಾಗದ ಹೊದಿಸಿ ಮತ್ತೆ ಚಕ್ರ ತಿರುಗಿಸಿದಳು. "ತಗಡು ತಿದ್ದೋ ಕಲಾವಿದನಿಗೆ ಉಲ್ಟಾ ಅಚ್ಚು ನೋಡ್ಕೊಂಡು ತಿದ್ದೋಕೆ ತಲೆ ತಿರುಗುತ್ತೆ. ಅದಕ್ಕೇ ಹಸಿ ಅಚ್ಚಿಂದ ಇನ್ನೊಂದು ಅಚ್ಚು ತೆಗೆಯೋದು. ಮರುಅಚ್ಚು ಅಂತೀವಿ. ಅಂಗಿ ಒಂದ್ಸಲ ಒಳಗೆ ಹೊರಗೆ ಮಾಡಿದ್ರೆ ಉಲ್ಟಾ, ಇನ್ನೊಂದ್ಸಲ ಮಾಡಿದ್ರೆ ಸೀದಾ. ನೋಡಿ."

ಎರಡನೇ ಕಾಗದ ಮೇಲೆದ್ದಿತು. ಗೋಪುರ ಎಡಕ್ಕೆ, ಬಂಡೆ ಬಲಕ್ಕೆ; ಊರು ತನ್ನ ಜಾಗದಲ್ಲಿ ಬಂದು ಕೂತಿತ್ತು. ಗೆರೆಗಳು ಬೂದಿಬಣ್ಣ, ಕಾಗದದ ಮೇಲೆ ಚಪ್ಪಟೆ.

ಸಿಲ್ವೆನ್ ಬಾಯಲ್ಲಿದ್ದ ತುತ್ತು ನುಂಗುವುದನ್ನೇ ಮರೆತಳು. ಆ ಬೂದಿಬಣ್ಣವನ್ನು ಅವಳು ಮೂರು ತಿಂಗಳು ಎದುರಿಗಿಟ್ಟುಕೊಂಡು ಕೂತಿದ್ದಳು. ಜನರನ್ನು ತಳ್ಳಿಕೊಂಡು ಯಂತ್ರದ ಹತ್ತಿರ ಹೋದಳು.

"ಮದಾಂ, ಇದು ಯಾಕೆ ಹೀಗೆ ಮಂಕಾಗಿದೆ? ಗೆರೆ ಯಾಕೆ ಎದ್ದು ನಿಂತಿಲ್ಲ?"

"ಎಂಜಲು ಮಸಿ ಅಲ್ವಾ, ಎಷ್ಟು ಬರುತ್ತೆ? ಮೊದಲನೇದರ ಅಂಚು ಮುಟ್ಟಿ ನೋಡಿ, ತಗಡು ಕೂತ ಹಳ್ಳ ಇದೆ. ಇದರಲ್ಲಿ ಆ ಹಳ್ಳ ಬೀಳಲ್ಲ, ತಗಡೇ ಇರಲಿಲ್ಲವಲ್ಲ."

"ಬಿಸಿಲಿಗೂ ಹೀಗೆ ಮಾಸುತ್ತಾ?"

"ಬಿಸಿಲಿಗಾ?" ಒನೊರಿನ್ ಗಹಗಹಿಸಿ ನಕ್ಕಳು. "ಇದು ಕಾಡಿಗೆ ಮಸಿ ಕಣಮ್ಮ. ಕಾಗದ ಹಳದಿ ಆಗುತ್ತೆ, ಸುಟ್ಟುಹೋಗುತ್ತೆ. ಮಸಿ ಮಾಸಲ್ಲ. ನಿಮಗೆ ಯಾರು ಹೇಳಿದ್ದು?"

ಹೇಳಿದವನು ಆಗ ಮಹಡಿಯ ಮೇಲೆ ಎರವಲು ಚಿತ್ರಗಳ ವಾಪಸಾತಿ ಕಾಗದ ಸಿದ್ಧಮಾಡುತ್ತಿದ್ದ. ಸಿಲ್ವೆನ್ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಐವತ್ತೇಳರ ಮಂಡಿ ಅದನ್ನು ಕ್ಷಮಿಸಲಿಲ್ಲ. ಏದುಸಿರಿನಲ್ಲೇ ಎಲ್ಲ ಹೇಳಿದಳು. ಮೂವತ್ತೊಂದನೇದು ಅಚ್ಚಲ್ಲ, ಮರುಅಚ್ಚು. ಅದು ತಿರುವುಮುರುವಾದದ್ದಲ್ಲ, ಸೀದಾ ಇರುವುದು.

ಲೊರ್ಮಿಯೆ ಮೊದಲು ನಕ್ಕ. ಆಮೇಲೆ ನಗಲಿಲ್ಲ. ನಗರಸಭೆಯ ೧೯೨೦ರ ಹಳೇ ಪಟ್ಟಿಯಲ್ಲಿ 'ಅಚ್ಚು' ಎಂದೇ ಇದೆ ಎಂದ. ಮರುಅಚ್ಚುಗಳಿಗೆ ಕಲಾವಿದರು ಸಹಿ ಹಾಕುವುದು ಅಪರೂಪ, ಇದಕ್ಕೆ ಪೆನ್ಸಿಲ್ ಸಹಿ ಇದೆ ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹಾಗೆ ಬ್ರೆಕೂರ್‌ನ ಗೋಪುರದ ಫೋಟೋ ಕೂಡ ತೆಗೆದು ತೋರಿಸಿದ.

"ಅಂಚಿನ ಹಳ್ಳ ನೋಡಿದೀರಾ ಮೊಸ್ಯೂ?"

"ಅಂಚು ಚೌಕಟ್ಟಿನ ರಟ್ಟಿನ ಅಡೀಲಿದೆ. ಅದನ್ನ ಎಪ್ಪತ್ತು ವರ್ಷದಿಂದ ಯಾರೂ ಬಿಚ್ಚಿಲ್ಲ. ಸೋಮವಾರ ಇಳಿಸ್ತೀವಲ್ಲ, ಆಗ ನೋಡೋಣ."

"ಸೋಮವಾರ ನೋಡಿದ್ರೆ ಅದು ಪೆಟ್ಟಿಗೆಗೆ ಹೋಗುತ್ತೆ. ನಮ್ಮತ್ತೆಗೆ ತೊಂಬತ್ತಮೂರು."

"ಪ್ರದರ್ಶನ ನಡೀತಿರುವಾಗ ಚೌಕಟ್ಟು ಬಿಚ್ಚೋ ಹಾಗಿಲ್ಲ ಸಿಲ್ವೆನ್. ನಿಯಮ ನಿಮಗೂ ಗೊತ್ತು."

"ಗೊತ್ತು. ಇಪ್ಪತ್ತೆರಡು ವರ್ಷದಿಂದ ಆ ನಿಯಮ ಕಾಯ್ತಿರೋಳು ನಾನೇ," ಎಂದಳು ಸಿಲ್ವೆನ್. ಅವಳು ಕುರ್ಚಿ ಎಳೆದುಕೊಂಡು ಅವನೆದುರೇ ಕೂತಳು. ಅದು ಅವಳಿಗೇ ಆಶ್ಚರ್ಯವಾಗಿತ್ತು, ಲೊರ್ಮಿಯೆಗೆ ಇನ್ನೂ ಹೆಚ್ಚು. ಆಗ ಅವಳು ನೀಲಿ ಪಟ್ಟಿಯ ಕಥೆಯನ್ನು ಹೇಳಿದಳು. ಚೀಟಿಯಲ್ಲಿ ಊರು ತಪ್ಪಿದ್ದು ದೊಡ್ಡದಲ್ಲ, ಆ ಕೈ ತಪ್ಪಿದ್ದೇ ಅತ್ತೆಗೆ ಸಂಕಟ ಎಂದಳು. ಅವನು ಕೇಳಿದ, ಶಾಲನ್ನು ಸಡಿಲ ಮಾಡಿಕೊಂಡ, ಕಿಟಕಿಯಾಚೆ ನೋಡಿದ. ಅಲ್ಲಿ ಎಡಕ್ಕೆ ಗೋಪುರವೂ ಬಲಕ್ಕೆ ಬಂಡೆಯೂ ಅವನನ್ನೇ ಕಾಯುತ್ತಿದ್ದವು.

"ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ," ಎಂದ. "ಬಾಗಿಲು ತೆಗೆಯೋದು ಹತ್ತಕ್ಕೆ ತಾನೇ. ಆ ಒನೊರಿನ್‌ಳನ್ನೂ ಕರೀರಿ."

ಭಾನುವಾರ ಬೆಳಿಗ್ಗೆ ಮೂವರೂ ಕೆಲಸದ ಕೋಣೆಯ ದೊಡ್ಡ ಮೇಜಿನ ಸುತ್ತ ನಿಂತರು. ಲೊರ್ಮಿಯೆ ಚೌಕಟ್ಟಿನ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು ಬಟ್ಟಲಿಗೆ ಹಾಕಿದ. ಗಾಜು ತೆಗೆದ. ಬಾಗಿಲಿನ ಹಾಗೆ ಕೀಲಿನ ಮೇಲೆ ನಿಂತಿದ್ದ ಮೇಲಿನ ರಟ್ಟನ್ನು ಎರಡು ಬೆರಳಲ್ಲಿ ಎತ್ತಿದ. ಎಪ್ಪತ್ತು ವರ್ಷ ಅಡಗಿದ್ದ ಕಾಗದದ ಅಂಚು ಹೊರಬಂತು. ಒನೊರಿನ್ ಕನ್ನಡಕ ಮೂಗಿಗೆ ಇಳಿಸಿ, ಕೈ ಹಿಂದೆ ಕಟ್ಟಿಕೊಂಡು ಬಾಗಿದಳು. ಪಕ್ಕದ ಬೆಳಕಿನಲ್ಲಿ ಒಂದು ಬದಿ ನೋಡಿದಳು, ಸುತ್ತಿ ಬಂದು ಇನ್ನೊಂದು ಬದಿ ನೋಡಿದಳು.

"ಹಳ್ಳ ಇಲ್ಲ," ಎಂದಳು.

ಲೊರ್ಮಿಯೆ ಭೂತಗನ್ನಡಿ ಹಿಡಿದು ತಾನೂ ನಾಲ್ಕು ಬದಿ ನೋಡಿದ. ಕಾಗದ ಅಂಚಿನಿಂದ ಅಂಚಿಗೆ ಒಂದೇ ಸಮ. ಕೆಳಗಿನ ಮೂಲೆಯಲ್ಲಿ, ರಟ್ಟಿನಡಿ ಇದ್ದ ಜಾಗದಲ್ಲಿ, ಕಾರೂಜ್‌ನ ಪೆನ್ಸಿಲ್ ಬರಹ ಒಂದು ಸಾಲು ಇತ್ತು: 'ಮರುಅಚ್ಚು. ತೋಳು ಇನ್ನೂ ತಿದ್ದಬೇಕು.' ಅವನು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಆಮೇಲೆ ಸ್ಟೂಲಿನ ಮೇಲೆ ಕೂತು ತಲೆ ಹಿಡಿದುಕೊಂಡ. ಸಿಲ್ವೆನ್‌ಗೆ ಅವನ ಮೇಲೆ ಮರುಕ ಬಂತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಈ ಹುಡುಗ ಸೈಕಲ್ ಮೇಲೆ ಹುಡುಕಿದ್ದ.

"ಏನೂ ಓದದ ಮನುಷ್ಯ ನೋಡಿದ್ರೂ ಇದು ವಾರ್ಮೆನಿಲ್ ಅಂತಿದ್ದ," ಎಂದ ಅವನು.

"ಅಂದಿದ್ವಲ್ಲ," ಎಂದಳು ಸಿಲ್ವೆನ್.

ಅವನು ಅವಳನ್ನು ನೋಡಿದ, ಅವಳೂ ನೋಡಿದಳು. ಮೊದಲು ನಕ್ಕದ್ದು ಒನೊರಿನ್. ಆಮೇಲೆ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಕ್ಕು ಮುಗಿದ ಮೇಲೆ ಲೊರ್ಮಿಯೆ ಎದ್ದು ಕಪಾಟಿನಿಂದ ಒಂದು ಕಡತ ತಂದ. ಅಗಸರ ಬೀದಿಯಲ್ಲಿ ೧೮೮೩ರಲ್ಲಿ ಇದ್ದದ್ದು ಒಂದೇ ಇಸ್ತ್ರಿ ಅಂಗಡಿ, ಜನಗಣತಿಯ ನಕಲು ಅವನ ಬಳಿ ಮೊದಲೇ ಇತ್ತು. ಅಲ್ಲಿದ್ದವರು ಇಬ್ಬರು: ಯಜಮಾನಿ, ಅರವತ್ತೆರಡು ವರ್ಷ, ಕೆಲಸದಾಕೆ ಝೇಲಿ ಒಬೂರ್, ಹತ್ತೊಂಬತ್ತು ವರ್ಷ. ಬ್ರೆಕೂರ್ ಸಿಕ್ಕಿದ ದಿನ ಆ ಹಾಳೆಯನ್ನು ಬೇಡವೆಂದು ಪಕ್ಕಕ್ಕಿಟ್ಟಿದ್ದ. ಚೀಟಿ ಮುದ್ರಿಸುವ ಅಂಗಡಿ ಭಾನುವಾರ ಮುಚ್ಚಿತ್ತು, ಆದ್ದರಿಂದ ಹೊಸ ಚೀಟಿಯನ್ನು ಕೈಯಲ್ಲೇ ಬರೆದ. ಎರಡು ಸಲ ಹಾಳು ಮಾಡಿ ಮೂರನೆಯದನ್ನು ಒಪ್ಪಿದ. ಒಂಬತ್ತೂ ಮುಕ್ಕಾಲಿಗೆ ಚಿತ್ರ ತನ್ನ ಮೊಳೆಗೆ ವಾಪಸ್ಸು ಬಂತು.

ಫೆರ್ನಾಂದ್ ಅತ್ತೆ ಬಂದದ್ದು ಸಂಜೆ ಐದಕ್ಕೆ. ಇಸ್ಪೀಟಿನಾಟ ಮುಗಿಯದೆ ಬರಲಾರೆ ಎಂದಿದ್ದಳಂತೆ. ನೀಲಿ ಕೋಟು, ಮುತ್ತಿನ ಸರ, ತುಟಿಗೆ ಕೆಂಪು. ಗಾಲಿಕುರ್ಚಿ ತಳ್ಳುತ್ತಿದ್ದ ಗೆಳತಿಯರಿಬ್ಬರಿಗೂ ಕೂಡ ಕೆಂಪು ಹಚ್ಚಿಸಿದ್ದಳು. ಕೋಣೆಯೊಳಗೆ ಬಂದದ್ದೇ, "ಏನೇ ಇದು, ಗವಿ ಇದ್ದ ಹಾಗಿದೆ! ಬಲ್ಬು ಸುಟ್ಟುಹೋಗಿದ್ಯಾ?" ಎಂದಳು.

"ನೀವೂ ಅದೇ ಕೇಳಿದ್ರಾ ಅತ್ತೆ," ಎಂದು ಸಿಲ್ವೆನ್ ಕುರ್ಚಿಯನ್ನು ಮೂವತ್ತೊಂದನೇ ಚಿತ್ರದ ಮುಂದೆ ನಿಲ್ಲಿಸಿ ಗಾಲಿಗೆ ತಡೆ ಹಾಕಿದಳು.

ಅತ್ತೆ ಮೊದಲು ಚೀಟಿ ಓದಿದಳು. ನಿಧಾನವಾಗಿ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದಿದಳು.

"'ಇಪೊಲಿತ್ ಕಾರೂಜ್. ಇಸ್ತ್ರಿ ಹಾಕುತ್ತಿರುವ ಝೇಲಿ ಒಬೂರ್, ವಾರ್ಮೆನಿಲ್‌ನ ಅಗಸರ ಬೀದಿ, ೧೮೮೩. ಮರುಅಚ್ಚು, ಆದ್ದರಿಂದ ಕಂಡ ಹಾಗೆಯೇ ಇದೆ. ಆಕೆ ಎಡಗೈಯವಳು.'"

ಆಮೇಲೆ ಚಿತ್ರ ನೋಡಿದಳು. ಬಹಳ ಹೊತ್ತು ನೋಡಿದಳು. ಗೆಳತಿಯರೂ ಮಾತಾಡಲಿಲ್ಲ, ಅದು ಅವರಿಗೆ ಅಭ್ಯಾಸವಿಲ್ಲದ ಕೆಲಸ. ಸಿಲ್ವೆನ್ ಅತ್ತೆಯ ಹೆಗಲ ಮೇಲೆ ಕೈಯಿಟ್ಟಳು.

"ನನ್ನನ್ನ ಎತ್ತಿ ಹಿಡಿದಾಗ ಇದು ಇನ್ನೂ ದೊಡ್ಡದಿತ್ತು," ಎಂದಳು ಅತ್ತೆ.

ಬಾಗಿಲಲ್ಲಿ ಲೊರ್ಮಿಯೆ ಶಾಲಿನ ತುದಿ ಹಿಡಿದುಕೊಂಡು ನಿಂತಿದ್ದ. ಹತ್ತಿರ ಬಂದು ಬಾಗಿ, "ಮದಾಂ, ತಪ್ಪಾಯ್ತು. ಜಾಸ್ತಿ ಯೋಚನೆ ಮಾಡಿಬಿಟ್ಟೆ," ಎಂದ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಿತ್ತಾ ಮಗೂ?" ಎಂದಳು ಅತ್ತೆ. "ಇರ್ಲಿ. ಚೆನ್ನಾಗಿ ಬರೆದಿದೀಯ. ಅಕ್ಷರ ಮಾತ್ರ ಕೋಳಿ ಕೆರೆದ ಹಾಗಿದೆ. ಯಾವ ಕೈಯಲ್ಲಿ ಬರೆದೆ?"

"ಬಲಗೈಯಲ್ಲಿ, ಮದಾಂ."

"ಅದಕ್ಕೇ ಮತ್ತೆ."

ಹೊರಡುವಾಗ ಲೊರ್ಮಿಯೆಯೇ ಕುರ್ಚಿಯನ್ನು ಬಾಗಿಲ ಪಕ್ಕದ ಮೇಜಿನ ಹತ್ತಿರ ನಿಲ್ಲಿಸಿದ. ಪುಸ್ತಕದಲ್ಲಿ ಅವರೊಂದು ಮಾತು ಬರೆದರೆ ಮ್ಯೂಸಿಯಂಗೆ ಗೌರವ ಎಂದ. ಅತ್ತೆ ಬಲಗೈಯಲ್ಲಿ ಪೆನ್ಸಿಲ್ ಎತ್ತಿಕೊಂಡಳು. ಬರೆಯಲಿಲ್ಲ. ತಿರುಗಿ ಗೋಡೆಯ ಕಡೆ ಒಂದು ಸಲ ನೋಡಿದಳು. ಆಮೇಲೆ ಪೆನ್ಸಿಲನ್ನು ಮಡಿಲಲ್ಲಿದ್ದ ಎಡಗೈಗೆ ಕೊಟ್ಟಳು.

ಎಡಗೈ ಅದನ್ನು ಹೇಗೆ ಹಿಡಿಯಬೇಕೆಂದು ಸ್ವಲ್ಪ ತಡಕಾಡಿ ಕಡೆಗೆ ಹಿಡಿಯಿತು. ಹಾಳೆಯ ಕಡೆಗೆ ಹೊರಟಿತು, ನಡುದಾರಿಯಲ್ಲೇ ನಿಂತಿತು. ಮೇಜಿನ ಬಲಗಾಲಿಗೆ ಕಟ್ಟಿದ್ದ ದಾರ ಅಷ್ಟು ದೂರ ಬರುತ್ತಿರಲಿಲ್ಲ.

ಅತ್ತೆ ಬಿಗಿದು ನಿಂತ ಆ ದಾರವನ್ನು ನೋಡಿದಳು, ಸಿಲ್ವೆನ್‌ಳನ್ನು ನೋಡಿದಳು.

"ಬಿಚ್ಚು ಮಗಳೇ," ಎಂದಳು.

ಸಿಲ್ವೆನ್ ನೆಲಕ್ಕೆ ಮಂಡಿಯೂರಿದಳು. ಮೂರು ತಿಂಗಳ ಹಿಂದೆ ತಾನೇ ಬಿಗಿದ ಗಂಟು, ಎಷ್ಟು ಗಟ್ಟಿ ಬಿಗಿದಿದ್ದಳೆಂದರೆ ಬೆರಳಿಗೆ ಜಗ್ಗಲಿಲ್ಲ, ಕಣ್ಣೂ ಮಂಜಾಗಿತ್ತು. ಲೊರ್ಮಿಯೆ ಕತ್ತರಿ ತರುತ್ತೇನೆಂದ. ಬೇಡ ಎಂದು ಅವಳು ಹಲ್ಲಿನಿಂದ ಕಚ್ಚಿ ಗಂಟು ಸಡಿಲ ಮಾಡಿದಳು. ದಾರ ಬಿಟ್ಟುಕೊಂಡಿತು.

ಫೆರ್ನಾಂದ್ ಬರೆಯತೊಡಗಿದಳು. ಮೊದಲನೇ ಅಕ್ಷರ ಹಾಳೆಯ ಅರ್ಧ ತಿಂದಿತು, ಎರಡನೆಯದು ಒರಗಿ ಬಿತ್ತು. ನಾಲಿಗೆಯ ತುದಿಯನ್ನು ತುಟಿಗೆ ಒತ್ತಿ ಹಿಡಿದು, ಆರು ವರ್ಷದ ಮಗುವಿನ ಹಾಗೆ, ಒಂದೊಂದೇ ಅಕ್ಷರವನ್ನು ಕೂರಿಸಿದಳು. ಗೋಡೆಯ ಗಡಿಯಾರದಲ್ಲಿ ಆರು ದಾಟಿತ್ತು, ಮುಚ್ಚುವ ಗಂಟೆ ಬಾರಿಸಬೇಕಾದವಳು ಸಿಲ್ವೆನ್‌ಳೇ. ಅವಳು ಇನ್ನೂ ನೆಲದ ಮೇಲೆ ದಾರ ಹಿಡಿದುಕೊಂಡು ಕೂತಿದ್ದಳು.

'ನಮ್ಮಜ್ಜಿ ಹೇಳಿದ್ದು ನಿಜ,' ಎಂದಿತ್ತು ಹಾಳೆಯಲ್ಲಿ.

ಅತ್ತೆ ಅದನ್ನು ದೂರ ಹಿಡಿದು ನೋಡಿ, ಅಕ್ಷರ ಇನ್ನೂ ತಿದ್ದಬೇಕು ಎಂದು, ಪೆನ್ಸಿಲನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟಳು. ಯಾರೂ ತಡೆಯಲಿಲ್ಲ.